ನೌರೀನಳ ನಾಲ್ಕು ಕೋಟಿ ಅಂಕಿಯ ಸಂಖ್ಯೆ

ಸ್ವಿಚ್ಚಿನತ್ತ ಚಾಚಿದ ಕೈ ಅಲ್ಲೇ ನಿಂತಿತು. ಕಂಪ್ಯೂಟರ್ ಆಗಲೇ ಆರಿತ್ತು.

ಅಬ್ದುಲ್ ರಜಾಕ್ ಸಾಹೇಬರು ಕೋಣೆಯ ಸುತ್ತ ಕಣ್ಣಾಡಿಸಿದರು. ಮಟಮಟ ಮಧ್ಯಾಹ್ನ. ಮಗಳು ನೌರೀನ್ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿರಬೇಕು. ಹೆಂಡತಿ ವಹೀದಾ ಅಡುಗೆಮನೆಯಲ್ಲಿ. ಮತ್ತೆ ಇದು ಯಾರ ಕೆಲಸ?

ಆ ಕಂಪ್ಯೂಟರ್ ಬಹಳ ದಿನಗಳಿಂದ ಒಂದೇ ಒಂದು ಸಂಖ್ಯೆಯನ್ನು ಅರೆಯುತ್ತಿತ್ತು. ಎರಡನ್ನು ಕೋಟಿಗಟ್ಟಲೆ ಸಲ ಎರಡರಿಂದಲೇ ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ. ಬರೆಯಹೊರಟರೆ ಅಂಕಿಗಳೇ ನಾಲ್ಕು ಕೋಟಿ. ಒಂದನ್ನೂ ತನ್ನನ್ನೂ ಬಿಟ್ಟು ಇನ್ಯಾವುದಕ್ಕೂ ಅದು ಭಾಗವಾಗದಿದ್ದರೆ ಅವಿಭಾಜ್ಯ. ಬಳ್ಳಾರಿಯ ಸಂಬಂಧ ಬಂದಾಗ ನೌರೀನ್ ಹುಡುಗನನ್ನು ಒಪ್ಪಿದಳು. ಈ ಲೆಕ್ಕ ಮುಗಿದ ಮೇಲೆ ನಿಕಾಹ್‌ಗೆ ದಿನ ಗೊತ್ತುಮಾಡಿ ಎಂದಷ್ಟೇ ಕೇಳಿಕೊಂಡಳು. ಸಾಹೇಬರು ಬೀಗರಿಗೆ ಮಾತು ಕೊಟ್ಟರು. ಬ್ಯಾಟರಿ ಅಂಗಡಿಯವರಲ್ಲವೇ, ಕರೆಂಟ್ ಹೋದರೂ ಲೆಕ್ಕ ನಿಲ್ಲದಿರಲೆಂದು ಹೊಸ ಯುಪಿಎಸ್ ತಂದು ಕೂರಿಸಿದರು.

ಆದರೂ ಲೆಕ್ಕ ಕುಂಟುತ್ತಲೇ ಇತ್ತು. ನೌರೀನ್ ಸಂಜೆ ಬಂದರೆ ಎಲ್ಲ ಆರಿರುತ್ತಿತ್ತು. ಪಾಪ, ನಿಂತಲ್ಲಿಂದ ಮತ್ತೆ ಹೊರಡಿಸುತ್ತಿದ್ದಳು. ಇಷ್ಟು ದೂರ ಬಂದ ಮೇಲೆ ಹೌದೋ ಅಲ್ಲವೋ ಎಂಬ ಸುಳಿವಾದರೂ ಸಿಗುವುದಿಲ್ಲವೇ ಎಂದು ತಂದೆ ವಿಚಾರಿಸಿದರು.

"ಮಧ್ಯದಲ್ಲಿ ಏನೂ ಗೊತ್ತಾಗಲ್ಲ ಅಬ್ಬಾ. ಕಟ್ಟಕಡೇಲಿ ಸೊನ್ನೆ ಉಳಿದ್ರೆ ಅವಿಭಾಜ್ಯ. ಅಲ್ಲೀವರ್ಗೂ ಕಾಯ್ಲೇಬೇಕು."

ಕಾಯುವ ತಾಳ್ಮೆ ವಹೀದಾಗೆಲ್ಲಿ? ದಿನ ಬೆಳಗಾದರೆ ಬೀಗಿತ್ತಿಗೆ ಫೋನು, ಸೀರೆ, ಒಡವೆ, ಶಾಮಿಯಾನದ ಮಾತು. ಅವಳಂತೂ ಅಲ್ಲ. ಹಾಗಾದರೆ ಕಾಲೇಜಿಗೆ ಹೊರಡುವಾಗ ನೌರೀನಳೇ ಆರಿಸಿ ಹೋದಳೇ? ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೇ? ಮಗಳಿಗೆ ಈ ಮದುವೆ ಬೇಡವಾಗಿರಬಹುದು ಎಂದು ಹೊಳೆದಾಗ ಸಾಹೇಬರಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿದರು.

ಮರುದಿನ ಅಂಗಡಿಗೆ ಹೊರಟಂತೆ ಮಾಡಿ, ಹಿತ್ತಲಿನಿಂದ ಒಳಬಂದು ಕೋಣೆಯ ಬಾಗಿಲ ಹಿಂದೆ ನಿಂತರು. ನೌರೀನ್ ಬಂದಳು, ಲೆಕ್ಕ ಓಡುತ್ತಿದೆಯೆಂದು ಖಾತ್ರಿ ಮಾಡಿಕೊಂಡು ಕಾಲೇಜಿಗೆ ಹೋದಳು. ಸ್ವಲ್ಪ ಹೊತ್ತಿಗೆ ಒದ್ದೆ ಕೈಯನ್ನು ದುಪಟ್ಟಾಗೆ ಒರೆಸಿಕೊಳ್ಳುತ್ತಾ ವಹೀದಾ ಬಂದಳು. ಆಚೀಚೆ ನೋಡಿದಳು. ಸ್ವಿಚ್ ಆರಿಸಿದಳು.

"ನೀನಾ?" ಸಾಹೇಬರು ಈಚೆ ಬಂದರು.

ವಹೀದಾ ಕುಸಿದು ಕೂತಳು. ಅತ್ತಳು. "ಅವ್ಳು ಹೋದ್ರೆ ಈ ಮನೇಲಿ ನಾನ್ ಯಾರ್ ಜೊತೆ ಮಾತಾಡ್ಲಿ ರೀ? ನೀವು ಮಾತು ಕೊಟ್ಬಿಟ್ರಿ. ನಿಮ್ಗೆ ಹೆಂಗ್ ಹೇಳ್ಲಿ?"

ಸಾಹೇಬರು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಲೆಕ್ಕ ಹೊರಟಿದ್ದನ್ನು ನೋಡಿ, ಹೆಂಡತಿಯ ಪಕ್ಕದಲ್ಲೇ ನೆಲಕ್ಕೆ ಕೂತರು.

"ಇಬ್ರೂ ಆರಿಸಿದ್ರೆ ಹುಡುಗಿಗೆ ಅನುಮಾನ ಬರುತ್ತೆ ಕಣೇ. ನೀನು ಬಿಡು, ಮಧ್ಯಾಹ್ನ ಊಟಕ್ಕೆ ಬಂದಾಗ ದಿನಾ ನಾನು ಆರಿಸ್ತಿದ್ದೀನಲ್ಲ, ಅಷ್ಟೇ ಸಾಕು."