ಏರು ಹತ್ತದ ಕಾರು

ಡ್ರೈವಿಂಗ್ ಸ್ಕೂಲಿನ ಕಾರು ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತಿತ್ತು, ಏರಿನಲ್ಲಂತೂ ನಿಂತೇ ಬಿಡುತ್ತಿತ್ತು. ಮೆಕ್ಯಾನಿಕ್ ಜಬ್ಬಾರ್ ಪ್ಲಗ್ ಬದಲಿಸಿದ, ಥ್ರಾಟಲ್ ಬಿಚ್ಚಿ ತೊಳೆದ. ಅವನೊಬ್ಬನೇ ಓಡಿಸಿದಾಗ ಕಾರು ಕುದುರೆಯಂತೆ ಓಡಿತು. ಸರ್ವಮಂಗಳ ಕಲಿಯಲು ಕೂತರೆ ಮತ್ತೆ ಅದೇ ರಾಗ.

ಮರುದಿನ ಅವಳಿಗೆ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಮಹಿಳಾ ಹಾಸ್ಟೆಲಿನಲ್ಲಿ ಡ್ರೈವರ್ ಕೆಲಸ ಕಾದಿತ್ತು.

"ಕಾರಲ್ಲಿ ಏನೂ ಇಲ್ಲ ಕಣಯ್ಯಾ, ಈಯಮ್ಮನ ಕಾಲಲ್ಲೇ ಧೈರ್ಯ ಇಲ್ಲ," ಎಂದರು ಕಲಿಸುವ ಮೇಷ್ಟ್ರು ವಾಮನಮೂರ್ತಿ. "ಇಪ್ಪತ್ತು ವರ್ಷದಿಂದ ಕಲಿಸ್ತಿದೀನಿ, ಒಂದೇ ಒಂದು ಆಕ್ಸಿಡೆಂಟ್ ಆಗಿಲ್ಲ. ಇವತ್ತೂ ಏರು ಹತ್ತಿಸದಿದ್ರೆ ನಾಳೆ ಪರೀಕ್ಷೆಗೆ ಕಳಿಸಲ್ಲ."

"ಪೂರ್ತಿ ಒತ್ತುತೀನಿ ಸಾರ್, ಅದೇ ಹೋಗಲ್ಲ," ಎಂದಳು ಸರ್ವಮಂಗಳ.

"ತಡೀರಿ, ನಾನೂ ಬರ್ತೀನಿ," ಎಂದು ಜಬ್ಬಾರ್ ಹಿಂದಿನ ಸೀಟಿನಲ್ಲಿ ಕೂತ. ಅವಳು ಸ್ಟೀರಿಂಗ್ ಹಿಡಿದಳು. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಕೂತರು. ಕಲಿಸುವವರಿಗೆಂದೇ ಅಲ್ಲಿ ಇನ್ನೊಂದು ಬ್ರೇಕು ಹಾಕಿಸಿದ್ದರು.

ಏರು ಬಂತು. ಅವಳು ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದಳು. ಕಾರು ಮುಗ್ಗರಿಸಿತು, ನಡುಗಿತು, ನಿಂತಿತು.

"ನೋಡಿದ್ಯಾ?" ಎನ್ನುತ್ತ ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡರು.

ಜಬ್ಬಾರ್ ಮುಂದಕ್ಕೆ ಬಗ್ಗಿ, ಸೀಟುಗಳ ಸಂದಿಯಿಂದ ಕೆಳಗೆ ಇಣುಕಿದ. "ನೋಡಿದೆ ಸಾರ್. ಒಂದು ನಿಮಿಷದ ರಿಪೇರಿ."

"ಏನು ಬಿಚ್ಚಬೇಕು?"

"ನಿಮ್ಮ ಚಪ್ಪಲಿ. ಬಿಚ್ಚಿ, ಆ ಬ್ರೇಕಿನ ಮೇಲಿಂದ ಕಾಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳಿ. ಅಕ್ಕಾ, ಈಗ ಒತ್ತಿ."