ಹನ್ನೊಂದನೆಯ ಪಾಯಿಂಟ್

ಹೊಸ ಶಟಲ್ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ಗರಿ ಮತ್ತು ಅಂಟಿನ ವಾಸನೆ ಈಗಲೂ ನನ್ನನ್ನು ಮಡಿಕೇರಿಯ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಹಿಂದಿನ ವರ್ಷ ಅಕ್ಕನ ಆಟ ನೋಡಲು ಕ್ಲಬ್ಬಿಗೆ ಹೋದಾಗ ಎಸ್ಟೇಟಿನ ಅಮ್ಮಾವ್ರು, "ರೈಟರ್, ನೀವು ಹೊರಗೇ ಇರಿ" ಎಂದು ಅವರನ್ನು ಬಿಸಿಲಲ್ಲೇ ನಿಲ್ಲಿಸಿದ್ದರು. ಈ ಸಲ ಕೊಡಗಿನ ಬ್ಯಾಡ್ಮಿಂಟನ್ ಫೈನಲ್ ಶಾಲೆಯ ಬಯಲಿನಲ್ಲಿ ನಡೆಯಿತು. ಅಕ್ಕನಿಗೆ ಎದುರಾಗಿದ್ದವರು ಆ ಅಮ್ಮಾವ್ರೇ.

ಹನ್ನೊಂದು ಪಾಯಿಂಟಿಗೆ ಆಟ. ಅಕ್ಕ ಹತ್ತಕ್ಕೆ ಬಂದವಳು ಮುಗಿಸಲಿಲ್ಲ. ಶಟಲನ್ನು ಒಮ್ಮೆ ನೆಟ್ಟಿನ ಬುಡಕ್ಕೆ ಇಳಿಸಿದಳು, ಒಮ್ಮೆ ಹಿಂದಿನ ಗೆರೆಗೆ ಎತ್ತಿದಳು; ಗೆಲ್ಲುವಂತಾದಾಗ ಬೇಕೆಂದೇ ಹೊರಗೆ ಹೊಡೆದಳು. ಅಮ್ಮಾವ್ರು ಏದುಸಿರು ಬಿಡುತ್ತಾ ಓಡಿದರು. ಸೀರೆಯ ನೆರಿಗೆಯೆಲ್ಲ ಕೆಮ್ಮಣ್ಣಾಗಿತ್ತು.

ಶಟಲ್ ಎತ್ತಿಕೊಳ್ಳಲು ಅಕ್ಕ ಗೆರೆಯ ಬಳಿ ಬಂದಾಗ ಅಪ್ಪ ಮೆಲ್ಲಗೆ, "ಸಾಕು ಮಗಾ, ಮುಗಿಸ್ಬಿಡು" ಎಂದರು.

"ನಿಮ್ಮನ್ನ ಎಷ್ಟೊತ್ತು ನಿಲ್ಸಿದ್ರು ಅಪ್ಪ?"

ಅಪ್ಪ ಮಡಿಸಿದ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ನಾನು ಮಾತ್ರ, "ಇನ್ನೂ ಓಡ್ಸು ಅಕ್ಕ!" ಎಂದು ಕೂಗಿದೆ.

ಕೊನೆಗೆ ಅಮ್ಮಾವ್ರು ಅಂಗಳದ ನಡುವೆಯೇ ಕುಸಿದು ಕುಳಿತರು. ಆಗ ಅಕ್ಕ ಆ ಪಾಯಿಂಟ್ ತೆಗೆದುಕೊಂಡಳು. ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅಪ್ಪ ಕೊಡೆ ಬಿಚ್ಚಿ, ಒಳಗೆ ನಡೆದು, ಅಮ್ಮಾವ್ರ ತಲೆಯ ಮೇಲೆ ಹಿಡಿದು ನಿಂತರು.

ಆಮೇಲೆ ಮೂರು ವರ್ಷ ಅಕ್ಕನೇ ಕೊಡಗಿನ ಚಾಂಪಿಯನ್. ಅಪ್ಪ ಒಂದು ಆಟಕ್ಕೂ ಬರಲಿಲ್ಲ.