ಕಲ್ಲುಹಳ್ಳದ ನೀರುಗಂಟಿ

ಕೆಂಚಯ್ಯ ಗುದ್ದಲಿಯನ್ನು ಹೆಗಲಿಗೇರಿಸಿ ಗುಡ್ಡ ಹತ್ತುತ್ತಿದ್ದ. ಐವತ್ತು ಮಾರು ಹಿಂದೆ ರೇವತಿ ಹತ್ತುತ್ತಿದ್ದಳು. ಹೆಜ್ಜೆ ಸಪ್ಪಳದ ಭಯ ಅವಳಿಗಿರಲಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಜ್ವರದಲ್ಲಿ ಕೆಂಚಯ್ಯನ ಎರಡೂ ಕಿವಿ ಹೋದದ್ದು ಊರಿಗೆಲ್ಲ ಗೊತ್ತಿದ್ದ ಮಾತು. ನೀರಿನ ಕೆಲಸ ಸಿಕ್ಕಿದ್ದೂ ಆ ವರ್ಷವೇ.

ಬಾಳೂರಿನಾಚೆಯ ಕಲ್ಲುಹಳ್ಳದಲ್ಲಿ ಇಪ್ಪತ್ತೆರಡು ಮನೆ. ಪಂಚಾಯಿತಿಯ ನಲ್ಲಿ ಬಂದು ಎರಡು ವರ್ಷವಾಗಿತ್ತು. ನೀರು ಇನ್ನೂ ಬರಬೇಕಿತ್ತು. ಕುಡಿಯಲಿಕ್ಕೂ ಮೀಯಲಿಕ್ಕೂ ಗುಡ್ಡದ ಮೇಲಿನ ಅಬ್ಬಿಯಿಂದ ಕರಿ ಪೈಪಿನಲ್ಲಿ ಇಳಿಯುವ ನೀರೇ ಗತಿ. ಅದನ್ನು ನೋಡಿಕೊಳ್ಳುವ ನೀರುಗಂಟಿ ಕೆಂಚಯ್ಯ. ಅವನಿಗೆ ಮನೆಮನೆಯಿಂದ ತಿಂಗಳಿಗೆ ಎರಡು ಸೇರು ಅಕ್ಕಿ. ಅವನು ಮಾಡುವ ಕೆಲಸವಾದರೂ ಏನು ಎಂದು ಈ ವರ್ಷ ನೀರಿನ ಸಮಿತಿಯ ಅಧ್ಯಕ್ಷೆಯಾದ ರೇವತಿಗೆ ಅನುಮಾನ ಬಂದಿತ್ತು. ಗುದ್ದಲಿಯ ಬಾಯಿಗೆ ತುಕ್ಕು ಹಿಡಿದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ಹಿಂದಿನಿಂದ ಎಸ್ಟೇಟಿನ ಜೀಪು ಬಂತು. ಕೆಂಚಯ್ಯ ತಿರುಗಿ ನೋಡದೆ ಬದಿಗೆ ಸರಿದ. ನೆಲ ಅದುರಿದ್ದು ಕಾಲಿಗೆ ತಿಳಿದಿರಬೇಕು, ಪಾಪ.

ಅವನು ಅಬ್ಬಿಯ ಕಡೆಗೆ ಹೋಗಲೇ ಇಲ್ಲ. ನೇರವಾಗಿ ವಿಶಾಲಾಕ್ಷಮ್ಮನವರ ಬಂಗಲೆಯ ಅಂಗಳದಲ್ಲಿ ಹೋಗಿ ನಿಂತ. ಅಬ್ಬಿ ಇರುವುದು ಅವರ ಎಸ್ಟೇಟಿನಲ್ಲೇ. ಅಮ್ಮನವರು ಜಗಲಿಯ ಕುರ್ಚಿಯಲ್ಲಿ ಕೂತು ಕೈ ಆಡಿಸುತ್ತಾ ಏನೋ ಹೇಳುತ್ತಿದ್ದರು. ತೊರೆಯ ಸದ್ದಿಗೆ ರೇವತಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೆಂಚಯ್ಯ ತಲೆಯಾಡಿಸಿದ. ಅರ್ಧ ಗಂಟೆಯ ನಂತರ ಒಂದು ಲೋಟ ಕಾಫಿ ಬಂತು. ಕುಡಿದು ಗುಡ್ಡ ಇಳಿದ.

ಮೂರು ದಿನ ಹಿಂಬಾಲಿಸಿದಳು. ಮೂರು ದಿನವೂ ಅದೇ.

ಭಾನುವಾರ ಸಭೆ ಸೇರಿತು. ರೇವತಿ ಕಂಡದ್ದನ್ನೆಲ್ಲ ಹೇಳಿದಳು.

"ಕೆಲಸ ಅಂದ್ರೆ ಇದು ಮಾರಾಯ್ರೆ," ಸಮಿತಿಯ ಬಾಲರಾಜ್ ನಕ್ಕ. "ಹೋಗೋದು, ಕಾಫಿ ಕುಡಿಯೋದು, ಬರೋದು."

"ಈ ಕೆಲ್ಸ ಯಾವತ್ತೂ ಕಿವಿ ಕೇಳದೋರಿಗೇ ಕೊಡೋದು," ಅಂದಳು ಊರಿಗೆಲ್ಲ ಹಿರಿಯಳಾದ ಜವರಮ್ಮ. "ನಮ್ಮತ್ತೆ ಕಾಲದಿಂದ್ಲೂ ಹಾಗೇ."

"ಯಾಕಜ್ಜಿ?"

"ಅದು ನಂಗೂ ಯಾರೂ ಹೇಳ್ಲಿಲ್ಲ."

ಕೆಂಚಯ್ಯನನ್ನು ತೆಗೆಯುವುದೆಂದು ತೀರ್ಮಾನವಾಯಿತು. ಮೂಲೆಯಲ್ಲಿ ಕೂತಿದ್ದ ಅವನಿಗೆ ತೋರಿಸಲೆಂದು ರೇವತಿ ಅದನ್ನು ದೊಡ್ಡಕ್ಷರದಲ್ಲಿ ಬರೆಯತೊಡಗಿದಳು. ಅವಳು ಬರೆದು ಮುಗಿಸುವ ಮೊದಲೇ ಅವನು ಎದ್ದು, ಟವೆಲ್ ಕೊಡವಿ ಹೊರಟುಹೋದ. ಅಷ್ಟು ಜನರ ಮುಖ ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ, ಬಿಡಿ.

ಮೂರನೇ ದಿನ ನೀರು ನಿಂತಿತು.

ಕೆಂಚಯ್ಯನೇ ಹೊಟ್ಟೆಕಿಚ್ಚಿಗೆ ಪೈಪು ಕಡಿದಿದ್ದಾನೆಂದು ಊರೇ ಹೇಳಿತು. ರೇವತಿ ದೂರು ಹೇಳಲು ಬಂಗಲೆಗೆ ಹೋದಳು.

"ನಾನೇ ನಿಲ್ಸಿದ್ದು," ಅಂದರು ವಿಶಾಲಾಕ್ಷಮ್ಮ. "ಎರಡು ದಿನ ಕಾದೆ. ಯಾರೂ ಬರ್ಲಿಲ್ಲ."

"ಎಷ್ಟು ಕೊಡ್ಬೇಕು ಹೇಳಿ ಅಮ್ಮಾವ್ರೆ, ಕೊಡ್ತೀವಿ."

"ನಿಮ್ಮ ದುಡ್ಡು ಯಾರಿಗೆ ಬೇಕೇ?"

ವಿಷಯ ಇಷ್ಟು. ಅರವತ್ತು ವರ್ಷದ ಹಿಂದೆ ಕಲ್ಲುಹಳ್ಳದವರು ಬೇಸಿಗೆಯಲ್ಲಿ ಅಬ್ಬಿಯ ನೀರನ್ನು ಕದ್ದು ತಿರುಗಿಸಿಕೊಂಡಿದ್ದರು. ಎಸ್ಟೇಟಿನ ಹತ್ತು ಸಾವಿರ ಕಾಫಿ ಸಸಿ ಒಣಗಿತು. ವಿಶಾಲಾಕ್ಷಮ್ಮನವರ ಅತ್ತೆ ಪೊಲೀಸರಿಗೆ ಹೇಳಲಿಲ್ಲ. ನೀರು ತೆಗೆದುಕೊಳ್ಳಿ, ಆದರೆ ದಿನಾ ಒಬ್ಬರು ಬಂದು ಅಂಗಳದಲ್ಲಿ ನಿಂತು ಬೈಸಿಕೊಂಡು ಹೋಗಬೇಕು, ಅಂದರು. ಊರು ಒಪ್ಪಿತು. ಊರು ಜಾಣ; ಒಬ್ಬ ಕೆಪ್ಪನನ್ನು ಹುಡುಕಿ ಕಳಿಸಿತು. ಆಮೇಲೆ ಅತ್ತೆ ಹೋದರು, ಸೊಸೆ ಕುರ್ಚಿಗೆ ಬಂದರು. ಕರಾರು ಹಾಗೇ ಉಳಿಯಿತು.

"ಅವ್ನಿಗೆ ಕೇಳಿದ್ರೇನು, ಬಿಟ್ರೇನು?" ಅಂದರು ಅಮ್ಮನವರು. "ಬೈಯೋದು ನನ್ನ ಬಾಬತ್ತು."

"ನಾಳೆಯಿಂದ ನಾನೇ ಬರ್ತೀನಿ," ಅಂದಳು ರೇವತಿ. ಬೈಗುಳದಿಂದ ಯಾರೂ ಸತ್ತಿಲ್ಲ, ಅಕ್ಕಿಯೂ ಉಳಿಯುತ್ತದೆ. ಸಂಜೆಗೆ ಕರಿ ಪೈಪಿನಲ್ಲಿ ನೀರು ಬಂತು.

ಮೊದಲ ದಿನ ಅಮ್ಮನವರು ಅವಳ ಕುಲಗೋತ್ರ ಜಾಲಾಡಿದರು. ಎರಡನೇ ದಿನ ಗಂಡ ರವಿಯ ಕುಡಿತ. ಮೂರನೇ ದಿನ ತಾಯಿಯ ನಡತೆ. ರೇವತಿ ಹಲ್ಲು ಕಚ್ಚಿ ನಿಂತಳು, ಕಾಫಿ ಕುಡಿದು ಬಂದಳು. ನಾಲ್ಕನೇ ದಿನ, ಎಂಟು ದಿನವಷ್ಟೇ ಬದುಕಿದ್ದ ಅವಳ ಮಗುವಿನ ಸುದ್ದಿ ಬಂತು.

"ನಿನ್ನಂಥೋಳ ಮಡಿಲಲ್ಲಿ ಯಾವ ಮಗು ತಾನೇ ಉಳೀತದೆ?"

ಕಾಫಿ ಬರುವವರೆಗೆ ರೇವತಿ ನಿಲ್ಲಲಿಲ್ಲ. ಗುಡ್ಡವನ್ನು ಓಡುತ್ತಲೇ ಇಳಿದಳು. ಅಳು ತಡೆಯಲಾಗಲಿಲ್ಲ. ತಾನು ಹೋಗದಿದ್ದರೆ ಇಪ್ಪತ್ತೆರಡು ಮನೆಗೆ ನೀರಿಲ್ಲ. ಹೋದರೆ ನಾಳೆ ಮತ್ತೆ ಅದೇ ಮಾತು. ನೇರವಾಗಿ ಕೆಂಚಯ್ಯನ ಮನೆಗೆ ಬಂದಳು. ಅವನು ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ತಪ್ಪಾಯ್ತು ಮಾವಾ! ನಾಳೆಯಿಂದ ನೀವೇ ಹೋಗಿ! ನಂಗೆ ಆಗಲ್ಲ! ನಿಮ್ಗಾದ್ರೆ ಅವ್ರು ಅಂದಿದ್ದು ಒಂದೂ ಕೇಳ್ಸಲ್ಲ!"

ಕೆಂಚಯ್ಯ ಬುಟ್ಟಿಯನ್ನು ಕೆಳಗಿಟ್ಟ.

"ಮೆಲ್ಲಗೆ ಮಾತಾಡು ಮಗಾ, ಕೇಳ್ತದೆ. ಹಳೇ ನೀರುಗಂಟಿ ಸತ್ತಾಗ ಊರಲ್ಲಿ ಕೆಪ್ಪರು ಯಾರೂ ಇರ್ಲಿಲ್ಲ."